ಜೀವ ಇದ್ದಾಗನ ಹಾಡ್ಯಾಡಿ ಅತ್ರು

...ನನ್ನ ಕೈಲೆ ಆಗಂಗಿಲ್ಲ ಅಂತ ಬ್ಯಾರೆ ಯಾರೂ ಅಲ್ಲ ಮೊಮ್ಮಕ್ಕಳ್ರಾ, ನಮ್ಮ ಸಾವಕ್ಕನ ಅಂದಿದ್ಲು. ನಿಮ್ಮಜ್ಜನ ಅಕ್ಕ, ಬೆಲ್ಲದ ಬಾಗೇವಾಡಿಯಾಕಿ. ನಿಮ್ಮಜ್ಜ ತೀರಿಕೊಂಡ ಮ್ಯಾಲೆ ನಾ ಮೂಡಲಗಿಯೊಳಗ ರೊಟ್ಟಿ ಮಾಡಿ ಮಾರತೇನಿ ಅಂದೆ. "ನಿಂಗವ್ವಾ, ನಿನಗ ಅಕ್ಷರ ಬರಂಗಿಲ್ಲ, ಬಾಯಿ ಒಂದ ಜೋರ. ನಿನ್ನ ಕೈಲೆ ಆಗೂ ಕೆಲಸ ಅಲ್ಲ ಬಿಡ" ಅಂದ್ಲು. ಆತು. ಅಂಗಡಿ ಹಾಕೇ ಬಿಟ್ಟೆ. ರೊಟ್ಟಿ ಕಟ್ಟೋ ಹಳೇ ಪೇಪರಿನ ಮ್ಯಾಲೆ ಅಕ್ಷರ ಕೂಡಿಸಿ ಕೂಡಿಸಿ ಓದಾಕ ಕಲತೆ. ಮೊದಲ ಓದಿದ್ದು ಏನ್ ಗೊತ್ತೈತೇನು? ಎಮ್ಮಿ ಕಳದೈತಿ ಅನ್ನೋ ಜಾಹೀರಾತು. ಅದ ಎಮ್ಮಿ ಸಿಕ್ಕಿತೋ ಇಲ್ಲೋ ಅಂತ ಎಷ್ಟ ದಿನ... ಹೋಗ್ಲಿ, ಎಮ್ಮಿ ಮಾತ ಅಲ್ಲ ಈಗ.

ಎದಿಯಾಗ ಗಂಟ ಆತಲ್ಲ, ಅದನ್ನ ಹೇಳಾಕತ್ತಿದ್ದೆ. ಬೆಳಗಾವಿಗೆ ಹೋದ್ವಿ. ಡಾಕ್ಟರ್ ನನ್ನ ಎದಿ ನೋಡೋದು, ನಿಮ್ಮಪ್ಪನ ಮಾರಿ ನೋಡಿ ಮಾತಾಡೋದು. "ಸಾಹೇಬ್ರ, ಗಂಟ ನನಗ ಆಗೈತ್ರಿ, ಅವಗಲ್ಲ" ಅಂದೆ. ಪಾಪ, ನಕ್ಕ ಕುರ್ಚಿ ನನ್ನ ಕಡೆ ತಿರುವಿಕೊಂಡ್ರು. "ಕ್ಯಾನ್ಸರ್ ಐತ್ರೀ ಅವ್ವಾರ" ಅಂದ್ರು. ಖರೆ ಹೇಳಿದ್ದು ಅವ್ರೊಬ್ರ. ಮನಿಗೆ ಬಂದ್ರ ಎಲ್ಲಾರೂ "ಅದು", "ಅದು" ಅನ್ನಾವ್ರ. ಕ್ಯಾನ್ಸರ್ ಅಂದ್ರ ಏನ್ ಹಳ್ಳದ ದೆವ್ವೇನು, ಹೆಸರ ತಗೊಂಡ್ರ ಬರಾಕ? ಬಂದ ಕುಂತೈತಲ್ಲ ಆಗಲೇ!

ಆಪರೇಶನ್ ಆತು, ಕಿಮೋ ಸುರು ಆತು. ಆವಾಗ ನಿಮ್ಮಪ್ಪ ನನ್ನ ಸೊಂಟದಾಗಿನ ಅಂಗಡಿ ಕೀಲಿ ಬಿಚ್ಚಿಕೊಂಡ. "ಅವ್ವಾ, ಆರಾಮ ಇರು, ನಿನಗ್ಯಾಕ ತ್ರಾಸ." ಅಂಗಡ್ಯಾಗ ರೊಟ್ಟಿ ಬಡಿಯೋ ಹೆಣ್ಮಕ್ಕಳೂ ಹಿಟ್ಟು ಎಷ್ಟ ನಾದಬೇಕಂತ ನನ್ನ ಕೇಳೋದ ಬಿಟ್ರು. ನನ್ನ ಬಾಜೂಕ ನಿಂತು ನಿಮ್ಮವ್ವನ್ನ ಕೇಳಾವ್ರ, "ಅವ್ವಾರು ಉಂಡ್ರೇನ್ರಿ?" ಬಾಯಿ ಏನ್ ಕೊಯ್ಸಿಕೊಂಡಿದ್ನಿ ನಾ?

ಒಂದಿನ ಮಧ್ಯಾಹ್ನ. ಮಲಗಿದ್ರ ವಾಂತಿ ಬರತಿತ್ತು, ಅದಕ್ಕ ಗ್ವಾಡಿಗೆ ಆನಿಸಿಕೊಂಡ ಕುಂತಿದ್ದೆ. ಮೈ ಮ್ಯಾಲೆ ಬಿಳಿ ಚಾದರ. ಜಳಕ ಮಾಡಿ, ಲಿಂಗಪೂಜಿ ಮುಗಿಸಿ ಇಬತ್ತಿ ಹಚ್ಚಿದ್ದೆ. ಕೂದಲ ಇಲ್ಲ ನೋಡ್ರಿ, ಹಣಿ ಎಲ್ಲಿ ಮುಗಿತು, ತಲಿ ಎಲ್ಲಿ ಸುರು ಆತು ಅಂತ ತಿಳೀಲಿಲ್ಲ, ನೆತ್ತಿ ತನಾ ಎಳದಬಿಟ್ಟೆ. ಹಂಗ ಕಣ್ಣ ಹತ್ತಿದುವು. ನಮ್ಮ ಮಂದಿ ಹೆಣಾ ಮಲಗಸಂಗಿಲ್ಲ, ಗೊತ್ತಲ್ಲ? ಗ್ವಾಡಿಗೆ ಆನಿಸಿ ಕುಂಡ್ರಸ್ತಾರ, ಹಣಿತುಂಬ ಇಬತ್ತಿ ಬಳೀತಾರ. ಅದ ಹೊತ್ತಿಗೆ ಡಜನ್ ಬಾಳಿಹಣ್ಣ ಹಿಡಕೊಂಡು ಸಾವಕ್ಕ ಹೊಸ್ತಿಲಿಗೆ ಬಂದ್ಲು. ನನ್ನ ನೋಡಿದ್ಲು. ಹಣ್ಣ ನೆಲಕ್ಕ ಒಗದ್ಲು!

"ಅಯ್ಯಯ್ಯ ನನ್ನ ತಂಗೀ! ರೊಟ್ಟಿ ಬಡದ ಮನಿ ಕಟ್ಟಿದಾಕಿ! ಸಾಲಿ ಇಲ್ದನ ಓದಾಕ ಕಲತಾಕಿ! ನಿನ್ನಂಥಾಕಿ ಯಾರದಾರವ್ವಾ!"

ನನಗ ಎಚ್ಚರ ಆತು. ಆದ್ರ ಕಣ್ಣ ತೆರೀಲಿಲ್ಲ. ಒಂದಿನಾನೂ ನನ್ನ ಹೊಗಳಿದಾಕಿ ಅಲ್ಲ, ಇನ್ನಷ್ಟ ಬರ್ಲಿ ಅಂತ ಕೇಳಕೋತ ಕುಂತೆ. ಆಕಿ ಎದಿ ಬಡಕೊಂಡು, "ಅಂಗಡಿ ಕೀಲಿ ಯಾರಿಗಿ ಕೊಟ್ಟ ಹೋದೀಯವ್ವಾ" ಅಂದ್ಲು. ಅಲ್ಲಿಗೆ ನನಗ ತಡೀಲಿಲ್ಲ.

"ನಾ ಎಲ್ಲಿ ಕೊಟ್ಟೇನ್ರೀ ಸಾವಕ್ಕಾರ? ನಿಮ್ಮ ತಮ್ಮನ ಮಗನ ಕಸಗೊಂಡಾನ!"

ಸಾವಕ್ಕ ಧಪ್ಪಂತ ಕುಂತ್ಲು, ಬಾಳಿಹಣ್ಣಿನ ಮ್ಯಾಲೇನ. ಮನಿ ಮಂದಿ ಎಲ್ಲಾ ಓಡಿ ಬಂದು ನಗಾಕ ಹತ್ತಿದ್ರು. ನಾ ನಗಲಿಲ್ಲ.

"ಬಾ ಇಲ್ಲಿ" ಅಂದೆ ನಿಮ್ಮಪ್ಪಗ. "ಸಾವಕ್ಕ ಇವತ್ತ ಅತ್ಲು. ನೀವು ಕೀಲಿ ಬಿಚ್ಚಿದ ದಿನಾನ ನನ್ನ ಹೆಣಾ ಮಾಡಿ ಕುಂಡ್ರಿಸೀರಿ. ಕೊಡ ಅದನ್ನ."

"ಅವ್ವಾ, ನಿನ್ನ ಸಲುವಾಗೇ..."

"ನನ್ನ ಸಲುವಾಗಿ ಅಂದ್ರ ನನ್ನ ಕೇಳಬೇಕು."

ಸಾವಕ್ಕ ಸೀರಿಗೆ ಹತ್ತಿದ ಹಣ್ಣ ಒರಸಕೋತ, "ಕೊಡೋ ಮಾರಾಯಾ, ಹೆಣಾ ಹಿಂಗ ಜಗಳ ತಗಿಯಂಗಿಲ್ಲ" ಅಂದ್ಲು. ಕೊಟ್ಟ. ಆಪರೇಶನ್ ಆದಾಗಿಂದ ನನ್ನ ಬಲಗೈ ಏಳತಿದ್ದಿಲ್ಲ. ಸಾವಕ್ಕ ತಾನ ನನ್ನ ಸೊಂಟಕ್ಕ ಕೀಲಿ ಕಟ್ಟಿದ್ಲು, ಎರಡ ಗಂಟ ಹಾಕಿ.

ಮರುದಿನ ಒಲಿ ಮುಂದ ಕುರ್ಚಿ ಹಾಕಿಸಿ ಕುಂತೆ. ಬಡಿಯಾಕ ಆಗಲಿಲ್ಲ, ಬಯ್ಯಾಕ ಬರತಿತ್ತು. "ಹೊತ್ತಾಕತ್ತೈತಿ, ತಿರುವ!" ಅಂದೆ. ಹಂಗ ಬಯ್ಯಕೋತನ ಉಳದ ಕಿಮೋ ಮುಗಿಸಿದೆ.

ಜಡ್ಡಿನವ್ರ ಮನಿಗೆ ಹೋದ್ರ ಮೊದಲ ಅವ್ರನ್ನ ಮಾತಾಡಸ್ರಿ. ಬಾಳಿಹಣ್ಣ ಆಮ್ಯಾಲೆ. ಈಗ ಈ ಮನಿ ನಂದು, ಅಂಗಡಿ ನಂದು, ಗೋಕಾಕಿಗೆ ಹೋಗೋ ರೊಟ್ಟಿ ನಂದು, ಸೊಂಟದಾಗಿನ ಕೀಲಿ ನಂದು. ಇಷ್ಟಕ್ಕ ನಾ ಕೊಟ್ಟದ್ದು ಒಂದ ಮೊಲಿ, ಬಲಗೈಯಿನ ಜೋರ. ಸಾವಕ್ಕನ ಡಜನ್ ಬಾಳಿಹಣ್ಣೂ ಲೆಕ್ಕಕ್ಕ ಹಿಡೀರಿ.