ಐವತ್ತು ಹೊತ್ತಿನ ನಮಾಜು

ಸವಣೂರು ಬಸ್ ನಿಲ್ದಾಣದಲ್ಲಿ ಹಾವೇರಿ ಬಸ್ಸಿಗೆ ಕಾಯುತ್ತಿದ್ದ ಸುಜಾತಾಳ ಪಕ್ಕದಲ್ಲೇ ಅಜ್ಜಿ ಮೊಮ್ಮಗಳ ಜಗಳ ಹತ್ತಿಕೊಂಡಿತು. ಮೊಮ್ಮಗಳು ಗುಲ್ನಾರ ಕಾಲೇಜಿನ ಭಾಷಣ ಸ್ಪರ್ಧೆಗೆ ಹೊರಟವಳು. ಬರೆದದ್ದನ್ನು ಅಜ್ಜಿ ಹಾಜರಾಬಿಗೆ ಓದಿ ಹೇಳುತ್ತಿದ್ದಳು.

“‘ಯಹೂದಿಗಳು ದೇವರೊಂದಿಗೆ ವಾದಿಸುತ್ತಾರೆ. ಮುಸ್ಲಿಮರು ಪ್ರಶ್ನಿಸದೆ ತಲೆಬಾಗುತ್ತಾರೆ.’ ಹೆಂಗೈತಿ, ದಾದಿ?”

“ಯಾಂವ ಹೇಳಿದ ನಿನಗ?”

“ನಮ್ಮ ಸರ್ ತಿದ್ದಿ ಕೊಟ್ಟಾರ.”

“‘ತಲೆಬಾಗುತ್ತಾರೆ!’” ಹಾಜರಾಬಿ ಮೂಗಿನಿಂದ ಮಾಸ್ತರರ ದನಿ ತೆಗೆದಳು. “ನಾವೇನು ಕುರಿ ಏನು? ಅಲ್ಲಾಹ ದಿನಕ್ಕ ಐವತ್ತು ಹೊತ್ತು ನಮಾಜು ಅಂದಿದ್ದ. ಐದು ಹೆಂಗಾತು?”

“ಹೆಂಗಾತು?”

“ಯಹೂದಿಗಳ ಪೈಗಂಬರ ಮೂಸಾ ಅದಾರಲ್ಲ, ಅವರು ಮ್ಯಾಲೆ ಸ್ವರ್ಗದಾಗ ನಮ್ಮ ಪೈಗಂಬರರಿಗೆ ಹೇಳಿದ್ರು, ‘ನಿಮ್ಮ ಮಂದಿಗೆ ಆಗೂದಿಲ್ಲ, ಹೊಳ್ಳಿ ಹೋಗಿ ಕಡಿಮಿ ಮಾಡಿಸ್ಕೊಂಡು ಬರ್ರಿ’ ಅಂತ. ಎಷ್ಟು ಸಲ ಹೋಗಿ ಬಂದ್ರು ಗೊತ್ತೈತೇನು?”

“ಹಂಗಾದ್ರ ಫರಕ ಇಲ್ಲಂತ ಬರೀಲಾ? ಕೊಟ್ಟ ವಿಷಯನ ‘ಧರ್ಮಗಳ ನಡುವಿನ ವ್ಯತ್ಯಾಸ’ ಐತಿ, ದಾದಿ!”

ಬಸ್ ಬಂತು. ನೂಕುನುಗ್ಗಲಿನಲ್ಲೂ ಹಾಜರಾಬಿಯ ಸಿಟ್ಟು ಇಳಿಯಲಿಲ್ಲ.

“ಐತಿ ಫರಕ! ಐದಕ್ಕ ಬಂದ ಮ್ಯಾಲೂ ಮೂಸಾ ‘ಮತ್ತ ಹೋಗ್ರಿ’ ಅಂದ್ರು. ನಮ್ಮವರು ‘ಇನ್ನ ಕೇಳಾಕ ನಾಚಿಕಿ ಬರತೈತಿ’ ಅಂದ್ರು. ಅಷ್ಟ ಫರಕ. ಅದನ್ನ ಬರಿ. ಇಲ್ಲಾಂದ್ರ ಸ್ಟೇಜಿಗೆ ನಾನ ಏರ್ತೇನಿ!”

ಗುಲ್ನಾರ ಅಜ್ಜಿಯ ಬೆನ್ನಿಗೇ ಹಾಳೆ ಒತ್ತಿ, ಸರ್ ತಿದ್ದಿದ ಸಾಲನ್ನು ಹೊಡೆದುಹಾಕಿದಳು. ಹಿಂದಿದ್ದ ಸುಜಾತಾಳೂ ಮಂದಿಯೂ ಹತ್ತಲಾಗದೆ ಅಲ್ಲೇ ನಿಂತರು.

“ಸಾವಕಾಶ ಬರಿ,” ಎಂದಳು ಹಾಜರಾಬಿ, ಬಸ್ಸಿನ ಬಾಗಿಲಲ್ಲೇ ಬೆನ್ನು ಬಾಗಿಸಿ.