ಎರಡನೇ ಅರ್ಧಕ್ಕೆ ಬಂದವರು

ಲ್ಯಾಂಕಾಷೈರಿನ ಪುಟ್ಟ ಫುಟ್‌ಬಾಲ್ ಮೈದಾನ, ವಿರಾಮದ ಹೊತ್ತು. ಟೀ ಸಾಲಿನಲ್ಲಿ ನನ್ನ ಮುಂದಿದ್ದ ವಯಸ್ಸಾದ ಹೆಂಗಸನ್ನು ಟೀ ಬಗ್ಗಿಸುತ್ತಿದ್ದ ಡೋರೀನ್ ಮಾತಾಡಿಸಿದಳು.

“ಈಗ ಬಂದ್ರಾ? ಅರ್ಧ ಆಟ ಮುಗಿದೇ ಹೋಯ್ತಲ್ಲ!”

“ಮೊದಲರ್ಧ ನಮ್ಮೆಜಮಾನ್ರು ಹೋದ್ವರ್ಷಾನೇ ನೋಡಿದಾರೆ.”

“ಅಯ್ಯೋ! ವಿರಾಮದಲ್ಲಿ ಎದೆ ಹಿಡ್ಕೊಂಡು ಕೂತ್ರಲ್ಲ, ಅವರಾ? ಆಂಬುಲೆನ್ಸ್ ಬಂತು...”

“ಅವರೇ. ಊರೂರಿನ ಮೈದಾನ ನೋಡೋ ಹುಚ್ಚು. ಪೂರ್ತಿ ಆಟ ನೋಡದಿದ್ರೆ ಆ ಮೈದಾನ ಲೆಕ್ಕಕ್ಕಿಲ್ಲ. ಆಂಬುಲೆನ್ಸಲ್ಲೂ ಅದನ್ನೇ ಗೊಣಗ್ತಾ ಕಣ್ಮುಚ್ಚಿದ್ರು.”

“ನಿಮಗೂ ಆಟ ಇಷ್ಟಾನಾ?”

“ಕಂಡ್ರಾಗಲ್ಲ.”

“ಮತ್ತೆ ಈ ಚಳೀಲಿ! ನಾವು ಐದು ಗೋಲಿಂದ ಸೋಲ್ತಾ ಇದೀವಿ. ಮಧ್ಯದಲ್ಲೇ ಹೊರಟ್ರೂ ಯಾರೂ ಏನೂ ಅನ್ನಲ್ಲ ಬಿಡಿ.”

“ಅವರು ಅಂತಾರೆ.”

ಸೀಟಿ ಕೇಳಿಸಿತು. ಆಕೆ ಟೀ ಲೋಟ ಹಿಡಿದು ಮೈದಾನದಂಚಿನ ಕಂಬಿಯತ್ತ ನಡೆದರು.