ಬೇರು ತೊಳೆದ ಒಂದೆಲಗ

ಶುಕ್ರವಾರ ಕೊಲ್ಲಿ ದೇಶದ ಹವಲ್ಲಿ ಪಟ್ಟಣದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಕುಳಿತ ಹೆಂಗಸಿನ ಮಡಿಲಲ್ಲಿ ಬಾಡಿದ ಒಂದೆಲಗದ ಕುಂಡವಿತ್ತು. ವಫ್ರಾದ ತೋಟದಲ್ಲಿ ಕೆಲಸ ಮಾಡುವ ತಮ್ಮ ಊರಿನವರೊಬ್ಬರಿಗೆ ತೋರಿಸಲೆಂದೇ ತಂದಿದ್ದರು. ಎದುರು ನಿಂತಿದ್ದ ಆತ ಬಗ್ಗಿ ಮಣ್ಣು ಮುಟ್ಟಿ ನೋಡಿದರು.

“ವೈಲೆಟ್ ಬಾಯಿ, ಇದಕ್ಕೆ ಎಂಥ ಮಾಡಿದ್ರಿ?”

“ಮಣ್ಣಲ್ಲಿ ಬಿಳಿ ಬೂಷ್ಟು ಕಂಡಿತು ಕಾಂತಪ್ಪಣ್ಣ. ಬೇರು ಚಂದ ತೊಳೆದು ಅಂಗಡಿಯ ಹೊಸ ಮಣ್ಣು ಹಾಕಿದೆ.”

“ಅಯ್ಯೋ! ಬೇರಿಗೆ ನೀರು, ಸತ್ವ ಎಳೆದು ಕೊಡುವ ಶಿಲೀಂಧ್ರವೂ ಆ ಹಳೇ ಮಣ್ಣಲ್ಲೇ ಇರ್ತದೆ. ನಾವೂ ಅಶ್ವಗಂಧಕ್ಕೆ ಹೀಗೇ ಮಾಡಿ ಕೆಡಿಸಿದ್ದೆವು.”

“ನಮ್ಮ ರೂಮಿನ ಶರ್ಲಿನ್ ಊರಿಗೆ ಹೋಗುವಾಗ ಕೊಟ್ಟದ್ದು. ಅವಳು ಇನ್ನು ಬರುದಿಲ್ಲ.”

“ಬೇರೆ ಗಿಡ ಉಂಟಾ? ಅದರ ಒಟ್ಟಿಗೆ ನೆಟ್ಟರೆ ಅದರ ಬುಡದ ಶಿಲೀಂಧ್ರ ಇದಕ್ಕೂ ಹಬ್ಬೀತು.”

“ಇದೊಂದೇ.”

“ಹಾಗಾದ್ರೆ ನನಗೆ ಕೊಡಿ. ನಮ್ಮ ಗಿಡಗಳ ಬುಡದಲ್ಲಿ ಎರಡು ತಿಂಗಳು ಇರ್ಲಿ. ಚಿಗುರಿದ ಮೇಲೆ ತಂದು ಕೊಡ್ತೇನೆ.”

ಆಕೆ ಕುಂಡವನ್ನು ಅರ್ಧ ಚಾಚಿ ಹಿಂದಕ್ಕೆ ಎಳೆದುಕೊಂಡರು.

“ಬೇಡ. ಅಲ್ಲಿಯ ಒಂದು ಮುಷ್ಟಿ ಮಣ್ಣು ತನ್ನಿ, ಸಾಕು.”

“ಗಿಡವೇ ಅಲ್ಲಿದ್ರೆ ಬೇಗ ಹುಷಾರಾಗ್ತದೆ, ಬಾಯಿ.”

“ಹೌದು. ಆದ್ರೆ ನಾನು ಡ್ಯೂಟಿ ಮುಗಿಸಿ ಬಂದ್ರೆ ರೂಮಲ್ಲಿ ಯಾರಿರ್ತಾರೆ?”

ಬಸ್ಸು ಬಂತು. ಆಕೆ ಮೊದಲು ಕುಂಡವನ್ನು ಹತ್ತಿಸಿ, ಆಮೇಲೆ ತಾವು ಹತ್ತಿದರು. ಕಿಟಕಿಯ ಸೀಟನ್ನು ಅದಕ್ಕೇ ಬಿಟ್ಟುಕೊಟ್ಟರು.